ಮೂರನೆಯ ಸಾಲಿನ ಅನುಮೋದಕ

ಬ್ಯಾಂಕಿನ ವಾರ್ಷಿಕ ಸಭೆಗೆ ಹೋಗುವುದಿಲ್ಲವೆಂದು ಗುರುಶಾಂತ ಹೊಂಬಳ ಹೆಂಡತಿಗೆ ಹೇಳಿದ್ದ, ಧಾರವಾಡದ ವಕೀಲರಿಗೆ ಫೋನಿನಲ್ಲಿ ಹೇಳಿದ್ದ, ಬೆಳಿಗ್ಗೆ ಎದ್ದ ಮೇಲೆ ತನಗೂ ಒಮ್ಮೆ ಹೇಳಿಕೊಂಡಿದ್ದ. ಆದರೂ ಕನ್ನಡಿಯ ಮುಂದೆ ನಿಂತು ಗಲ್ಲಕ್ಕೆ ಎರಡನೆಯ ಸಲ ಸಾಬೂನು ಹಚ್ಚುತ್ತಿರುವ ತನ್ನ ಕೈಯನ್ನು ಕಂಡು, ಈ ಮುಖ ಯಾರಿಗಾಗಿ ಸಿದ್ಧವಾಗುತ್ತಿದೆ ಎಂದು ನಾಚಿದ. ರವಿವಾರ ದವಾಖಾನೆಗೆ ಬಾಗಿಲು. ರವಿವಾರ ಗಡ್ಡ ಹೆರೆದುಕೊಳ್ಳುವ ರೂಢಿ ಅವನಿಗಿರಲಿಲ್ಲ.

"ಇಸ್ತ್ರಿ ಅಂಗಿ ತಗದಿಡ್ಲೇನ್ರಿ?" ಒಳಗಿನಿಂದ ಅನ್ನಪೂರ್ಣಾ ಕೇಳಿದಳು.

"ಯಾಕ? ಎಲ್ಲಿಗೂ ಹೊಂಟಿಲ್ಲ ನಾ."

"ಹಂಗಾರ ಯಾರ ಸಂಬಂಧ ಆ ಗಲ್ಲ ಅಷ್ಟು ತಿಕ್ಕಾಕ ಹತ್ತೀರಿ? ನನ್ನ ಸಂಬಂಧ ಅಂತೂ ಅಲ್ಲ, ಅಷ್ಟು ಗೊತ್ತೈತಿ."

ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಮಂಚದ ಮೇಲೆ ಅಂಗಿ ಇತ್ತು. ಅವಳು ಸೊಪ್ಪು ಸೋಸುತ್ತ ಕೂತಿದ್ದಳು. ಅವನು ಆ ಅಂಗಿಯ ಪಕ್ಕದಲ್ಲಿ ಕೂತು, ನಿನ್ನೆ ವಕೀಲರು ಅಂದದ್ದನ್ನು ನೆನೆದ. ವಯಸ್ಸಿನಲ್ಲಿ ಮಗಳಂಥವಳು, ಆದರೆ ಫೋನಿನಲ್ಲಿ ದನಿ ಮಾತ್ರ ಹಿರಿಯಕ್ಕನದು. "ಬ್ಯಾಂಕಿನ ಕೇಸಿನ್ಯಾಗ ಅರ್ಜಿದಾರರು ನೀವು, ಡಾಕ್ಟ್ರೇ. ಹೋಗೂದಾದ್ರ ವಿರೋಧ ಮಾಡಾಕ ಹೋಗ್ರಿ. ಎದ್ದು ನಿಂತು, ಈ ಲೆಕ್ಕಪತ್ರ ನಾ ಒಪ್ಪೂದಿಲ್ಲ ಅನ್ರಿ, ಬರಸ್ರಿ, ಬರ್ರಿ. ಸುಮ್ಮನ ಕುಂತು ಬರೂದಾದ್ರ ಹೋಗಲೇಬ್ಯಾಡ್ರಿ. ಸಭಾ ಒಪ್ಪಿಗಿ ಕೊಡೋವಾಗ ಅರ್ಜಿದಾರರು ಅಲ್ಲೇ ಬಾಯಿ ಮುಚ್ಚಿಕೊಂಡಿದ್ರು ಅಂತ ಅವರ ವಕೀಲರು ಹೈಕೋರ್ಟ್‌ನ್ಯಾಗ ಹೇಳಿದ್ರ, ನನ್ನ ಬಾಯಿನೂ ಮುಚ್ಚತೈತಿ." ಆಗಲಿ ಎಂದಿದ್ದ. ಸುಮ್ಮನೆ ಕೂತು ಬರುವುದೇ ತನಗೆ ಬೇಕಾಗಿದೆ, ಬೇರೆ ಏನೂ ಬೇಕಾಗಿಲ್ಲ ಎಂಬುದನ್ನು ಯಾವ ವಕೀಲರಿಗೆ ಹೇಳಲಾಗುತ್ತದೆ?

ಸುಮ್ಮನೆ ಕೂಡುವುದು. ಎಷ್ಟೋ ವರ್ಷ ಅವನೂ ವಿರೂಪಾಕ್ಷ ಅಬ್ಬಿಗೇರಿಯೂ ಮಾಡಿದ್ದು ಅದೊಂದನ್ನೇ. ವಿರೂಪಾಕ್ಷ ಸಂಜೆ ತನ್ನ ಹತ್ತಿ ಜಿನ್ನಿನಿಂದ ನೇರ ದವಾಖಾನೆಗೆ ಬರುತ್ತಿದ್ದ. ಹುಬ್ಬಿಗೆ, ಕಿವಿಯ ಕೂದಲಿಗೆ ಅರಳೆಯ ಎಳೆ ಅಂಟಿರುತ್ತಿತ್ತು. ರೋಗಿಗಳ ಸ್ಟೂಲಿನ ಮೇಲೆ ಕೂತು, ಇನ್ನೂ ಔಷಧದ ಹನಿ ಬೀಳದ ಸಕ್ಕರೆ ಗುಳಿಗೆಗಳ ಬಾಟಲಿ ತೆಗೆದು ಅಂಗೈಗೆ ಸುರಿದುಕೊಂಡು ಬಾಯಿಗೆ ಎಸೆದುಕೊಳ್ಳುತ್ತಿದ್ದ. "ಯಾವ ರೋಗಕ್ಕೋ ಡಾಕ್ಟರಾ ಇದು?" "ಯಾವುದಕ್ಕೂ ಅಲ್ಲ. ಬರೇ ಸಕ್ಕರಿ." "ಹಂಗಾರ ನನಗಿದ ತಕ್ಕ ಔಷಧ." ಇಷ್ಟೇ, ಬಹುತೇಕ ಪ್ರತಿ ದಿನ ಇದೇ. ಆಮೇಲೆ ಬಾಗಿಲು ಎಳೆದು ಇಬ್ಬರೂ ಸ್ಟೇಶನ್ನಿಗೆ ಹೋಗುತ್ತಿದ್ದರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ, ನೆರಳಿನ ತಗಡು ಮುಗಿದ ಮೇಲೂ ಒಂದು ಕಲ್ಲುಬೆಂಚು ಇದೆ. ಅಲ್ಲಿ ಚಹಾ ಕುಡಿದು, ಸೊಲ್ಲಾಪುರದ ಗಾಡಿ ಬಂದು ಹೋಗುವವರೆಗೆ ಕೂತಿರುತ್ತಿದ್ದರು. ಗಾಡಿಯಿಂದ ಇಳಿಯುವವರು ಯಾರೂ ಅವರ ಕಡೆಯವರಲ್ಲ, ಹತ್ತುವವರೂ ಅಲ್ಲ. ಗಾಡಿ ಹೋದ ಮೇಲೆ ಹಳಿಯ ಮೇಲೆ ಉಳಿಯುವ ಒಂದು ಬಗೆಯ ನಿಶ್ಶಬ್ದವನ್ನು ಮುಗಿಯುವವರೆಗೆ ಕೇಳಿ, ವಿರೂಪಾಕ್ಷ ಚಹಾದ ರೊಕ್ಕ ಕೊಟ್ಟು ಏಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಅನ್ನಪೂರ್ಣಾ, ಅಷ್ಟೊತ್ತು ಏನ್ ಮಾತಾಡತೀರಿ ಇಬ್ಬರೂ ಎಂದು ಕೇಳುತ್ತಿದ್ದಳು. ಏನೂ ಇಲ್ಲ ಎಂದರೆ ನಂಬುತ್ತಿರಲಿಲ್ಲ. ತನಗೆ ಹೇಳಲಾರದ್ದೇನೋ ಇದೆಯೆಂದು ಮುನಿಸಿಕೊಳ್ಳುತ್ತಿದ್ದಳು. ನಿಜವಾಗಿಯೂ ಇತ್ತೇನೋ. ವಿರೂಪಾಕ್ಷ ಅಧ್ಯಕ್ಷನಾಗಿರುವ ಬ್ಯಾಂಕಿನ ಮೇಲೆ ಕೇಸು ಹಾಕಿದ ಮೇಲೆ ಗುರುಶಾಂತ ಒಬ್ಬನೇ ಆ ಬೆಂಚಿನ ಮೇಲೆ ಹೋಗಿ ಕೂತು ನೋಡಿದ್ದಾನೆ. ಒಬ್ಬನ ಸುಮ್ಮನಿರುವಿಕೆ ಬೇರೆಯೇ. ಅದರೊಳಗೆ ಮಾತು ಗಿಜಿಗುಡುತ್ತಿರುತ್ತದೆ.

ಅಂಗಿ ತೊಟ್ಟುಕೊಂಡ.

"ಉಂಡು ಹೋಗ್ರಿ. ಅಲ್ಲಿ ಉಪ್ಪಿಟ್ಟು ತಿನ್ನಾಕ ಮನಸಾಗೂದಿಲ್ಲ ನಿಮಗ."

"ಇಲ್ಲೇ ಹೋಗಿ ಬರತೇನಿ. ಬಜಾರಕ್ಕ."

"ಹೌದ ಹೌದು, ಬಜಾರಕ್ಕ," ಎಂದು ಅವಳು ತಲೆ ಎತ್ತದೆ ಸೊಪ್ಪಿನ ದಂಟು ಮುರಿದಳು. "ಯಾರರೆ ಏನರೆ ಅಂದ್ರ ಅನಿಸಿಕೊಂಡು ಬರಬ್ಯಾಡ್ರಿ ಮತ್ತ. ಮನಿಗೆ ಬಂದು ಗೋಡಿ ನೋಡಕೋಂತ ಕೂಡತೀರಿ."

ಊರು ಅನ್ನುತ್ತಿತ್ತು. ಅನ್ನುವುದಕ್ಕೆ ಊರಿಗೆ ಕಾರಣವಿತ್ತು. ಪೇಟೆ ಬ್ಯಾಂಕು ಎಂದೇ ಎಲ್ಲರೂ ಕರೆಯುವ ಆ ಸಹಕಾರಿ ಬ್ಯಾಂಕು ಕೆಲವೇ ಹತ್ತಿ ವ್ಯಾಪಾರಿಗಳಿಗೆ, ಒಂದೇ ಆಸ್ತಿಯನ್ನು ಮತ್ತೆ ಮತ್ತೆ ಒತ್ತೆಯಿಟ್ಟುಕೊಂಡು, ಸಾಲ ಕೊಟ್ಟಿದೆಯೆಂದು ಅರ್ಜಿ ಹೇಳುತ್ತಿತ್ತು. ತನಿಖೆಯಾಗಬೇಕು, ಆಡಳಿತ ಮಂಡಳಿಯನ್ನು ಇಳಿಸಿ ಸರಕಾರದವರೊಬ್ಬರನ್ನು ಕೂರಿಸಬೇಕು ಎಂದು ಕೇಳುತ್ತಿತ್ತು. ಅರ್ಜಿ ಕೋರ್ಟಿನಲ್ಲಿ ದಾಖಲಾಗಿ ಪತ್ರಿಕೆಯಲ್ಲಿ ಬಂದ ಮೇಲೆ ರಿಸರ್ವ್ ಬ್ಯಾಂಕಿನವರು ಬಂದರು, ನೋಡಿದರು, ಠೇವಣಿ ತೆಗೆಯುವುದಕ್ಕೆ ಮಿತಿ ಹಾಕಿದರು. ಒಳಗೆ ಏನೂ ಇಲ್ಲದ್ದರಿಂದ ಬಾಗಿಲು ಹಾಕಿದರು ಎಂದು ಯಾರೂ ಅನ್ನಲಿಲ್ಲ. ಡಾಕ್ಟರ ಕೇಸು ಹಾಕಿದ್ದಕ್ಕೆ ಬಾಗಿಲು ಬಿತ್ತು ಎಂದರು. ನೆಗಡಿಗೆ, ಕೆಮ್ಮಿಗೆ ಬರುತ್ತಿದ್ದವರು ಬರುವುದನ್ನು ಬಿಟ್ಟರು. ಬಂದವರಲ್ಲಿ ಒಬ್ಬ ಮುದುಕ ನಾಲಗೆ ಚಾಚಿ ತೋರಿಸಿ, ಔಷಧದ ಪೊಟ್ಟಣ ತೆಗೆದುಕೊಂಡು, "ರೊಕ್ಕ ಬ್ಯಾಂಕಿನ್ಯಾಗ ಐತಿ ಡಾಕ್ಟ್ರ, ನೀವ ತಗೋರಿ" ಎಂದು ನಕ್ಕು ಹೋಗಿದ್ದ. ಇವತ್ತು ದಾರಿಯಲ್ಲಿ ಪಾನಂಗಡಿಯ ಮುಂದೆ ನಿಂತವನೊಬ್ಬ, "ಏನ್ರಿ ಹೈಕೋರ್ಟ್ ಸಾಹೇಬ್ರ, ತಾರೀಕು ಇವತ್ತ ಏನು?" ಎಂದ. ಗುರುಶಾಂತ ಕೈ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋದ. ಚೇಷ್ಟೆಗೆ ನಮಸ್ಕಾರ ಮಾಡಿದ್ದು ಅವಮಾನವೋ ಸೌಜನ್ಯವೋ ತಿಳಿಯದೆ ಕೈ ಸ್ವಲ್ಪ ಹೊತ್ತು ಎದೆಯ ಮುಂದೆಯೇ ಉಳಿಯಿತು.

ಕಲ್ಯಾಣ ಮಂಟಪದ ಬಾಗಿಲಲ್ಲಿ ಸದಸ್ಯರ ಸಹಿ ಮಾಡಿಸುತ್ತಿದ್ದ ಗುಮಾಸ್ತ ಇವನನ್ನು ಕಂಡು ಎದ್ದು ನಿಂತ, ನಿಂತದ್ದು ತಪ್ಪಾಯಿತೆಂಬಂತೆ ಕೂತ. ಪ್ರತಿ ವರ್ಷ ಸಹಿ ಮಾಡಿದವರಿಗೆ ಸ್ಟೀಲಿನ ಡಬ್ಬಿಯೋ ತಾಟೋ ಕೊಡುವ ಪದ್ಧತಿ. ಊರಿನ ಅರ್ಧ ಅಡುಗೆಮನೆಗಳಲ್ಲಿ ಬ್ಯಾಂಕಿನ ಹೆಸರು ಕೊರೆದ ಪಾತ್ರೆಗಳಿದ್ದವು.

"ಡಬ್ಬಿ ಇಲ್ಲೇನ್ ಈ ಸಲ?" ಹಿಂದೆ ನಿಂತವರೊಬ್ಬರು ಕೇಳಿದರು.

"ಡಬ್ಬಿ ತಗೊಂಡು ಏನ್ ಮಾಡತೀಯೋ? ಒಳಗ ಹಾಕಾಕ ಏನೈತಿ?"

ಸಾಲಿನಲ್ಲಿದ್ದವರು ನಕ್ಕರು. ಗುರುಶಾಂತನಿಗೂ ನಗು ಬಂತು. ಅವನು ನಕ್ಕದ್ದು ಕಂಡು ಅವರು ನಿಲ್ಲಿಸಿದರು.

ಕಾಲುಗಳು ತಾವಾಗಿಯೇ ಮೂರನೆಯ ಸಾಲಿಗೆ ಹೋದವು. ಅವನು ಕೂತ ಮೇಲೆ ಆ ಸಾಲಿನಲ್ಲಿದ್ದ ಇಬ್ಬರು ಉಪ್ಪಿಟ್ಟಿನ ನೆಪ ಮಾಡಿ ಎದ್ದು ಹೋದರು. ಖಾಲಿ ಕುರ್ಚಿಗಳ ನಡುವೆ ತಾನೊಬ್ಬನೇ ಎಂದು ಅನಿಸುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಫಕೀರವ್ವ ಬಂದು, ತನ್ನ ಕೈಚೀಲವನ್ನು ನಡುವಿನ ಕುರ್ಚಿಯ ಮೇಲಿಟ್ಟು, ಅದರಾಚೆ ಕೂತಳು. ಬೆಟಗೇರಿ ರಸ್ತೆಯಲ್ಲಿ ಅವಳದೊಂದು ರೊಟ್ಟಿ ಖಾನಾವಳಿ. ಖಾನಾವಳಿ ಇರುವ ಕೋಣೆಯನ್ನು ಕೊಳ್ಳಬೇಕೆಂದು ವರ್ಷಾನುಗಟ್ಟಲೆ ರೊಟ್ಟಿ ಬಡಿದು ಇಟ್ಟ ಠೇವಣಿ ಅವಧಿ ಮುಗಿದರೂ ಕೈಗೆ ಬರಲಿಲ್ಲ. ನಾಳೆ ಬಾ ಎಂದರು, ಸೋಮವಾರ ಬಾ ಎಂದರು. ಕೋಣೆಯ ಮಾಲೀಕ ಅದನ್ನು ಬೇರೆಯವರಿಗೆ ಮಾರಿದ. ಮಂಡಿನೋವಿಗೆ ಗುಳಿಗೆ ಒಯ್ಯಲು ಬಂದಾಗ ಇದನ್ನವಳು ಅಳದೆ, ಯಾರದೋ ಸುದ್ದಿಯಂತೆ ಹೇಳಿದ್ದಳು.

"ನೀವು ಬಂದದ್ದು ಚಲೋ ಆತ್ರಿ ಡಾಕ್ಟ್ರ. ನನಗ ಒಂದೂ ತಿಳಿಯಂಗಿಲ್ಲ ಇವರ ಭಾಷಾ. ನೀವು ಎದ್ದು ಒಲ್ಲೆ ಅನ್ರಿ, ನಿಮ್ಮ ಬೆನ್ನಿಗೇ ನಾನೂ ಒಲ್ಲೆ ಅಂತೇನಿ. ಜೋರಲೇ ಅಂತೇನಿ. ರೊಟ್ಟಿ ಬಡದ ಧ್ವನಿ ಐತಿ ನಂದು."

"ಹೂಂ," ಎಂದ.

ವೇದಿಕೆಯ ಮೇಲೆ ವಿರೂಪಾಕ್ಷ ಬಂದು ಕೂತ. ಇಳಿದುಹೋಗಿದ್ದ. ಕೊರಳಿಗೂ ಅಂಗಿಯ ಕಾಲರಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ. ಗುರುಶಾಂತನೊಳಗಿನ ವೈದ್ಯ ಅದನ್ನು ಮೊದಲು ನೋಡಿದ: ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬಹುಶಃ ನಡುರಾತ್ರಿ ಎದ್ದು ನೀರು ಕುಡಿಯುತ್ತಾನೆ. ಈ ರೋಗಕ್ಕೆ ಔಷಧ ತಾನೇ ಗೊತ್ತುಮಾಡಬೇಕು ಎಂಬ ವಿಚಾರ ಬಂತು. ಅದರ ಹಿಂದೆಯೇ, ಈ ರೋಗ ತಾನೇ ಎಂಬ ವಿಚಾರ ಬಂತು. ವಿರೂಪಾಕ್ಷ ಸಭೆಯತ್ತ ನೋಡಲಿಲ್ಲ. ಮುಂದಿದ್ದ ಹಾಳೆಗಳನ್ನು ಸರಿಮಾಡಿದ, ಮತ್ತೆ ಸರಿಮಾಡಿದ. ನೋಡಲಿ, ಒಂದು ಸಲ ಇತ್ತ ನೋಡಲಿ, ಸಿಟ್ಟಿನಿಂದಲಾದರೂ ಸರಿ ಎಂದು ಗುರುಶಾಂತ ಕುರ್ಚಿಯ ಅಂಚು ಹಿಡಿದು ಕೂತ. ಕೇಸು ಹಾಕಿದ ಮೇಲೆ ಇಬ್ಬರೂ ಎರಡು ಸಲ ಎದುರಾಗಿದ್ದರು, ಒಮ್ಮೆ ಬಸ್ ನಿಲ್ದಾಣದಲ್ಲಿ, ಒಮ್ಮೆ ಯಾರನ್ನೋ ಮಣ್ಣು ಮಾಡುವಲ್ಲಿ. ಎರಡೂ ಸಲ ವಿರೂಪಾಕ್ಷ ಇವನ ಹೆಗಲಿನ ಆಚೆ ಯಾರನ್ನೋ ನೋಡಿ ದಾಟಿದ್ದ.

ಮ್ಯಾನೇಜರು ವರದಿ ಓದತೊಡಗಿದರು. ಆ ದನಿ ಫ್ಯಾನಿನ ಸದ್ದಿನೊಳಗೆ ಕಲಸಿಹೋಯಿತು. ಒಂದು ಸಂಜೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಗುರುಶಾಂತ, ಕೇಸಿಗಿಂತ ಮೊದಲು, ಫಕೀರವ್ವನ ಠೇವಣಿಯ ಮಾತು ತೆಗೆದಿದ್ದ. ವಿರೂಪಾಕ್ಷ ಸುಮ್ಮನಿದ್ದ. ಇನ್ನೊಂದು ಸಂಜೆ ಗುರುಶಾಂತ ಮತ್ತೆ ಕೇಳಿದ. ವಿರೂಪಾಕ್ಷ ಆಗಲೂ ಸುಮ್ಮನಿದ್ದ. ಎಂದಿನ ಸುಮ್ಮನೆಯೇ ಇದು ಎಂದು ತಾನು ಚಹಾ ಕುಡಿದು ಎದ್ದು ಬಂದದ್ದು. ಎರಡು ಬಗೆಯ ಮೌನವಿರುತ್ತದೆ ಎಂಬುದು ಗೊತ್ತಾಗಲಿಕ್ಕೆ ಅಷ್ಟು ವರ್ಷ ಬೇಕಾಯಿತು. ವಿರೂಪಾಕ್ಷ ರೊಕ್ಕ ತಿಂದಿದ್ದಾನೆಯೇ? ಇಲ್ಲ ಎನಿಸುತ್ತದೆ. ಕೇಳಿದವರಿಗೆ ಇಲ್ಲ ಅನ್ನಲಾರದ ಮನುಷ್ಯ. ಅಳಿಯ ಕೇಳಿದ, ಅಳಿಯನ ಗೆಳೆಯರು ಕೇಳಿದರು, ಸಹಿ ಹಾಕಿದ. ಗುರುಶಾಂತನಿಗೂ ಒಮ್ಮೆ, ಏನರೆ ಸಾಲ ಬೇಕೇನೋ ಡಾಕ್ಟರಾ ಎಂದಿದ್ದ. ಬೇಡ ಎಂದದ್ದಕ್ಕೆ ಬೇಸರಪಟ್ಟುಕೊಂಡಿದ್ದ. ಠೇವಣಿದಾರರು ಅರ್ಜಿ ಹಾಕಲು ಹೆಸರು ಹುಡುಕುತ್ತ ಬಂದಾಗ, ಸಾಲವಿಲ್ಲದವರು ನೀವೊಬ್ಬರೇ ಎಂದರು. ಅದೂ ಅಲ್ಲ, ಅಧ್ಯಕ್ಷರ ಗೆಳೆಯರೇ ಹಾಕಿದರೆ ಕೋರ್ಟು ನಂಬುತ್ತದೆ ಎಂದರು. ಹೀಗೆ ಗೆಳೆತನವೇ ಸಾಕ್ಷಿಗೆ ಬಂತು. ಅರ್ಜಿಗೆ ಸಹಿ ಹಾಕಿದ ದಿನ ಸಂಜೆ, ಹೇಳಿಬಿಡಬೇಕೆಂದು, ಬೇರೆ ಯಾರಿಂದಲೂ ಅವನಿಗೆ ಗೊತ್ತಾಗಬಾರದೆಂದು ಗಟ್ಟಿಮಾಡಿಕೊಂಡೇ ಸ್ಟೇಶನ್ನಿಗೆ ಹೋಗಿದ್ದ. ಗಾಡಿ ತಡವಾಗಿ ಬಂತು. ತಂಗಾಳಿಯಿತ್ತು. ವಿರೂಪಾಕ್ಷ ಅಂದು ಎಂದಿಗಿಂತ ಹಗುರಾಗಿದ್ದ, ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದ. ಗಾಡಿ ಬರಲಿ, ಆಮೇಲೆ. ಗಾಡಿ ಹೋಗಲಿ, ಆಮೇಲೆ. ಚಹಾದ ರೊಕ್ಕ ವಿರೂಪಾಕ್ಷನೇ ಕೊಟ್ಟ. ಹೇಳದೆ ಉಳಿದದ್ದನ್ನು ಅವನು ಪತ್ರಿಕೆಯಲ್ಲಿ ಓದಿದ.

"ಠರಾವು," ಎಂದರು ಮ್ಯಾನೇಜರು. "ಸದರಿ ವರ್ಷದ ಲೆಕ್ಕಪತ್ರಗಳನ್ನು ಓದಿ ಅಂಗೀಕರಿಸುವುದು. ಸೂಚಕರು, ನಿರ್ದೇಶಕರಾದ ಹುಲಕೋಟಿಯವರು."

ಹುಲಕೋಟಿಯವರು ಅರ್ಧ ಎದ್ದು ಕೂತರು. ಯಾರೋ ಸೂಚಿಸಬೇಕು, ಯಾರೋ ಅನುಮೋದಿಸಬೇಕು, ಸಭೆ ಮಂಜೂರು ಮಂಜೂರು ಎಂದು ಕೂಗಬೇಕು, ಆಮೇಲೆ ಊಟ. ವಿರೂಪಾಕ್ಷ ಅಧ್ಯಕ್ಷನಾದ ಮೊದಲ ವರ್ಷ ಠರಾವಿಗೆ ಅನುಮೋದನೆ ಕೇಳಿದಾಗ ಸಭೆಯಲ್ಲಿ ಯಾರೂ ಉಸಿರೆತ್ತದೆ, ಅವನು ಬೆವತು, ಮೂರನೆಯ ಸಾಲಿನಲ್ಲಿ ಕೂತ ಗೆಳೆಯನತ್ತ ನೋಡಿದ್ದ. ಗುರುಶಾಂತ ಕೈ ಎತ್ತಿದ್ದ. ಅಂದಿನಿಂದ ಅದೊಂದು ಪದ್ಧತಿಯಾಯಿತು. ಅಧ್ಯಕ್ಷರು ಹಾಳೆಯಿಂದ ಕಣ್ಣೆತ್ತದೆ ಹೆಸರು ಹೇಳುವುದು, ಇವನು ಪಕ್ಕದವರೊಡನೆ ಮಾತಾಡುತ್ತಲೇ ಕೈ ಎತ್ತುವುದು. ಯಾವುದಕ್ಕೆ ಅನುಮೋದನೆ ಎಂದು ಇವನು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ. ಗೆಳೆಯ ಕರೆದಿದ್ದಾನೆ, ಓ ಅನ್ನಬೇಕು, ಅಷ್ಟೆ.

ವಿರೂಪಾಕ್ಷ ಮೈಕಿನತ್ತ ಬಾಗಿದ. ಕಣ್ಣು ಹಾಳೆಯ ಮೇಲೆಯೇ ಇತ್ತು.

"ಅನುಮೋದಕರು, ಡಾಕ್ಟರ್ ಹೊಂಬಳ."

ಗುರುಶಾಂತನ ಕೈ ಮೇಲೆ ಹೋಯಿತು.

ಆಮೇಲೆ ಹಿಂದೆಲ್ಲೋ ಒಬ್ಬ ಕಿಸಕ್ಕೆಂದ. ಒಬ್ಬ ಚಪ್ಪಾಳೆ ಹೊಡೆದ, ಹತ್ತಾರು ಜನ ಹೊಡೆದರು. "ಆತಲ್ಲಪಾ! ಕೇಸ್ ಖಲಾಸ್!" "ಡಾಕ್ಟ್ರು ತಮ್ಮ ಗುಳಿಗಿ ತಾವ ನುಂಗಿದ್ರೋ!" ಮ್ಯಾನೇಜರು ತಡಮಾಡದೆ ಬರೆದುಕೊಳ್ಳುತ್ತಿದ್ದರು. ಎತ್ತಿದ ಕೈಯನ್ನು ಗುರುಶಾಂತ ಇಳಿಸಿ ತೊಡೆಯ ಮೇಲಿಟ್ಟುಕೊಂಡು, ಬೇರೆಯವರದೆಂಬಂತೆ ನೋಡಿದ. ನಾಚಿಕೆ ಇನ್ನೂ ಬಂದಿರಲಿಲ್ಲ. ಅದಕ್ಕಿಂತ ಮೊದಲು ಬಂದದ್ದು ಸಂತೋಷ; ಎದೆಯಲ್ಲಿ ಬಿಸಿ ಹಾಲು ಇಳಿದಂಥ ಸಂತೋಷ. ಕರೆದ. ನನ್ನ ಹೆಸರು ಅವನ ಬಾಯಿಯಲ್ಲಿ ಇನ್ನೂ ಇದೆ. ಈ ಸಂತೋಷದ ಬೆನ್ನಿಗೆ ಪ್ರಶ್ನೆ ಬಂತು. ರೂಢಿಯಿಂದ ಬಾಯಿತಪ್ಪಿ ಕರೆದನೋ, ಯಾರೋ ಹೇಳಿಕೊಟ್ಟು ಬೇಕೆಂದೇ ಕರೆದನೋ? ವೇದಿಕೆಯತ್ತ ನೋಡಿದ. ವಿರೂಪಾಕ್ಷನ ಮುಖ ಬಿಳಿಚಿಕೊಂಡಿತ್ತು. ಅದು ತಪ್ಪು ಮಾಡಿದವನ ಮುಖವೂ ಆಗಬಹುದು, ಬಲೆ ಬೀಸಿ ಹಕ್ಕಿ ಬಿದ್ದದ್ದನ್ನು ನೋಡಲಾರದವನ ಮುಖವೂ ಆಗಬಹುದು. ಇನ್ನು ಮುಂದೆ ಎಷ್ಟು ವರ್ಷ ಬದುಕಿದರೂ ಇದೊಂದು ತನಗೆ ತಿಳಿಯುವುದಿಲ್ಲ.

ಫಕೀರವ್ವ ನಡುವಿನ ಕುರ್ಚಿಯಿಂದ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಆಗಲಿ ಬಿಡ್ರಿ," ಎಂದಳು, ಮೆಲ್ಲಗೆ. "ನಿಮ್ಮ ಗೆಳೆತನ ನಿಮಗ ಮುಟ್ಟಿತಲ್ಲ. ಒಬ್ಬರ ಗಂಟರೆ ಒಬ್ಬರಿಗೆ ಮುಟ್ಟಿತು."

ಬೈಯಲಿಲ್ಲ. ಬೈದಿದ್ದರೆ ಅವನು ಸಹಿಸುತ್ತಿದ್ದ, ಈ ವರ್ಷದಲ್ಲಿ ಅದು ಅಭ್ಯಾಸವಾಗಿತ್ತು. ಅವಳು ಮುಂದೆ ನೋಡುತ್ತ, ಗಾಡಿ ತಪ್ಪಿದವರು ಮುಂದಿನ ಗಾಡಿಯವರೆಗೆ ಕೂಡುವಂತೆ ಕೂತಿದ್ದಳು. ಮ್ಯಾನೇಜರು ಮುಂದಿನ ವಿಷಯಕ್ಕೆ ಹೋಗಿದ್ದರು. ಸುಮ್ಮನೆ ಕೂತರೆ ಸಾಕು ಎಂದು ಗುರುಶಾಂತನಿಗೆ ಅನಿಸಿತು. ಎದ್ದು ಏನೂ ಮಾಡುವುದು ಬೇಡ, ಸುಮ್ಮನೆ ಕೂತರೆ ಎಲ್ಲ ತಾನಾಗಿಯೇ ಆಗುತ್ತದೆ. ಬರುವ ತಾರೀಕಿಗೆ ಧಾರವಾಡದಲ್ಲಿ ಅವರ ವಕೀಲರು ಈ ನಡಾವಳಿಯನ್ನು ಕೋರ್ಟಿನ ಮುಂದಿಡುತ್ತಾರೆ. ನ್ಯಾಯಾಧೀಶರು ನಗುತ್ತಾರೋ ಗದರಿಸುತ್ತಾರೋ, ಅರ್ಜಿ ಬಿದ್ದುಹೋಗುತ್ತದೆ. ಮಗಳಂಥ ಆ ವಕೀಲೆ ಫೋನಿನಲ್ಲಿ ಏನೂ ಅನ್ನದೆ ಇಟ್ಟುಬಿಡುತ್ತಾಳೆ. ಆಮೇಲೆ ಒಂದು ಸಂಜೆ, ತಿಂಗಳೋ ಎರಡು ತಿಂಗಳೋ ಬಿಟ್ಟು, ಹುಬ್ಬಿಗೆ ಅರಳೆ ಅಂಟಿಸಿಕೊಂಡು ಒಬ್ಬ ದವಾಖಾನೆಯ ಮೆಟ್ಟಿಲು ಹತ್ತುತ್ತಾನೆ. ಯಾರೂ ಯಾರಿಗೂ ಏನೂ ಕೇಳುವುದಿಲ್ಲ. ಅದು ಎಷ್ಟು ಹತ್ತಿರವಿತ್ತೆಂದರೆ ಸ್ಟೂಲಿನ ಕಾಲು ನೆಲಕ್ಕೆ ತಿಕ್ಕಿದ ಸದ್ದು ಕಿವಿಗೆ ಬಂತು. ಬೇಕು, ನನಗೆ ಅದು ಬೇಕು ಎಂದು ಅವನು ಮನಸ್ಸಿನಲ್ಲಿ ಮಕ್ಕಳಂತೆ ಹಟದಿಂದ ಅಂದುಕೊಂಡ. ಅಂದುಕೊಳ್ಳುತ್ತಿರುವಾಗಲೇ ಆ ಸಂಜೆಯ ಸುಮ್ಮನೆಯೊಳಗೆ ಒಬ್ಬ ಹೆಂಗಸು ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬಂದು ಕೂತಿರುವುದು ಕಂಡಿತು. ಇಬ್ಬರ ನಡುವೆ ಅವಳು ಕೂತೇ ಇರುತ್ತಾಳೆ. ಗಾಡಿ ಬಂದರೂ, ಹೋದರೂ. ಆ ಹಳೆಯ ಸುಮ್ಮನೆ ಇನ್ನು ಎಲ್ಲಿಯೂ ಇಲ್ಲ. ಅದು ಕಳೆದದ್ದು ಕೇಸಿನಿಂದಲ್ಲ, ಕೇಸಿಗಿಂತ ಮೊದಲೇ ಎಂದೋ.

ಎದ್ದ. ಮೊಣಕಾಲು ಕುರ್ಚಿಗೆ ತಾಗಿ ಸದ್ದಾಯಿತು.

"ಅಧ್ಯಕ್ಷರ." ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡ. ಮತ್ತೆ ಅಂದ. "ಅಧ್ಯಕ್ಷರ, ನನ್ನ ಅನುಮೋದನೆ ನಾ ವಾಪಸ್ ತಗೋತೇನಿ. ಲೆಕ್ಕಪತ್ರ ನಾ ಒಪ್ಪಿಲ್ಲ. ರೂಢಿ ಮ್ಯಾಲ ಕೈ ಎತ್ತಿದೆ."

"ಕೂಡ್ರೋ ಮಾರಾಯ!" ಎಂದು ಯಾರೋ ಕೂಗಿದರು. "ಮುಂಜಾನಿ ಒಂದು, ಸಂಜಿಗೊಂದು!" "ಗುಳಿಗಿ ಕಾರಿದ್ರೋ!" ನಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಿತು. ಮ್ಯಾನೇಜರು ಪೆನ್ನು ಎತ್ತಿ ಹಿಡಿದು, "ಬರದಾತ್ರಿ ಡಾಕ್ಟ್ರೇ. ಬರದದ್ದು ಬರದಂಗ. ಹಂಗ ತಗೀಲಿಕ್ಕೆ ಬರೂದಿಲ್ಲ," ಎಂದರು.

"ನಾನೂ ಒಲ್ಲೆ!" ಎಂದಳು ಫಕೀರವ್ವ. ಕೂತಲ್ಲಿಂದಲೇ ಅಂದಳು, ಆದರೆ ಆ ದನಿ ಮಂಟಪದ ಕೊನೆಯ ಕಂಬದವರೆಗೆ ಹೋಯಿತು. ನಗು ನಿಂತಿತು.

ವಿರೂಪಾಕ್ಷ ಹಾಳೆಗಳನ್ನು ಮೇಜಿನ ಮೇಲಿಟ್ಟ. ಮ್ಯಾನೇಜರತ್ತ ತಿರುಗದೆಯೇ ಮೈಕಿನಲ್ಲಿ ಹೇಳಿದ.

"ಹೊಡದು ಹಾಕ್ರಿ ಅದನ್ನ."

"ಸರ್, ಅದು—"

"ಹೊಡದು ಹಾಕ್ರಿ ಅಂದೆ." ಹಾಳೆಗಳನ್ನು ಬದಿಗೆ ಸರಿಸಿದ. "ಬ್ಯಾರೆ ಅನುಮೋದಕರು ಯಾರರೆ?"

ಯಾರೂ ಇಲ್ಲ. ಚಪ್ಪಾಳೆ ಹೊಡೆದವರು, ಕೂಗಿದವರು ತಮ್ಮ ತಮ್ಮ ಪಾದ ನೋಡಿಕೊಂಡರು. ನಗುವುದು ಬೇರೆ, ಹೆಸರು ಬರೆಸುವುದು ಬೇರೆ. ಎಲ್ಲರ ಗಂಟೂ ಅಲ್ಲೇ ಇತ್ತು. ಫ್ಯಾನು ತಿರುಗುತ್ತಿತ್ತು. ಅಡುಗೆಮನೆಯ ಕಡೆಯಿಂದ ಒಗ್ಗರಣೆಯ ವಾಸನೆ ಬಂತು, ಹೋಯಿತು. ಗುರುಶಾಂತ ನಿಂತೇ ಇದ್ದ, ಕೂಡಬೇಕೆಂಬುದು ಮರೆತಿತ್ತು. ಆಗ ವಿರೂಪಾಕ್ಷ ತಲೆ ಎತ್ತಿ ಮೂರನೆಯ ಸಾಲಿನತ್ತ ನೋಡಿದ. ಹೆಗಲಿನ ಆಚೆಗಲ್ಲ, ಇವನ ಮುಖವನ್ನೇ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ನಿಂತ ನೀರಿನಂಥ ದಣಿವಿತ್ತು. ಗುರುಶಾಂತನೂ ನೋಡಿದ. ಕಣ್ಣ ಸುತ್ತಲಿನ ಕಪ್ಪು, ಎಡ ಹುಬ್ಬಿನ ಹಳೆಯ ಗಾಯ, ತುಟಿಯ ತುದಿಯ ಅದೇ ಸಣ್ಣ ನಡುಕ, ಎಲ್ಲವನ್ನೂ ಅವಸರವಿಲ್ಲದೆ ಒಂದೊಂದಾಗಿ ನೋಡಿದ, ಒಂದನ್ನೂ ಬಿಡಬಾರದೆಂಬಂತೆ. ಇಷ್ಟು ಜನರ ನಡುವೆ ಇಬ್ಬರೂ ಏನೂ ಅನ್ನದೆ ಇದ್ದರು. ಯಾರೂ ಕೈ ಎತ್ತದಿರಲಿ ಎಂದು ಗುರುಶಾಂತ ಬೇಡಿಕೊಂಡ, ಠರಾವು ಬೀಳಲಿ ಎಂದಲ್ಲ. ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ.

"ನಂದು ಅನುಮೋದನೆ ತಗೋರಿ," ಎಂದು ಕೊನೆಯ ಸಾಲಿನಿಂದ ಯಾರೋ ಬೇಸರದಿಂದ ಅಂದರು. "ಊಟಕ್ಕ ಹೊತ್ತಾತು."

ವಿರೂಪಾಕ್ಷ ಕಣ್ಣು ಇಳಿಸಿದ. ಮ್ಯಾನೇಜರು ಹೆಸರು ಕೇಳಿ ಬರೆದುಕೊಂಡರು.